ಕೈದೀಪವನ್ನು ಕೊಳ್ಳುವ ಮೊದಲು

ಕಳೆದ ಮಳೆಗಾಲದ ಆರಂಭದಲ್ಲಿ ನಮ್ಮ ಕಾಲೇಜಿನ ಪ್ರಯೋಗಶಾಲೆಯ ಅಟೆಂಡರು ಒಂದು ಹೊಸ ಟಾರ್ಚನ್ನು ತಂದು ನಮ್ಮ ಮೇಜಿನ ಮೇಲಿಟ್ಟರು. ಜಾತ್ರೆಯ ಅಂಗಡಿಯಲ್ಲಿ ಕೊಂಡದ್ದು. ಅದರ ಪೆಟ್ಟಿಗೆಯ ಮೇಲೆ ‘10,000 ಲೂಮೆನ್’ ಎಂದು ದಪ್ಪಕ್ಷರಗಳಲ್ಲಿ ಅಚ್ಚಾಗಿತ್ತು. “ಸಾರ್, ಇದು ನಿಜವೋ ಸುಳ್ಳೋ, ನೀವೇ ಒಂದು ಸಲ ಅಳೆದು ಹೇಳಿಬಿಡಿ” ಎಂದರು. ಬೆಳಕನ್ನು ನೇರವಾಗಿ ಅಳೆಯುವುದಕ್ಕೆ ಬೇಕಾದ ಗೋಳಸಾಧನ ನಮ್ಮಲ್ಲಿಲ್ಲ. ಆದರೆ ವಿದ್ಯುತ್ಪ್ರವಾಹವನ್ನು ಅಳೆಯುವ ಮಾಪಕ ಯಾವ ಬಡ ಕಾಲೇಜಿನಲ್ಲಿಯೂ ಉಂಟಷ್ಟೆ. ಹಿಂದಿನ ಮುಚ್ಚಳವನ್ನು ಬಿಚ್ಚಿ ಅದರ ಜಾಗದಲ್ಲಿ ಆಂಪಿಯರ್ ಮಾಪಕವನ್ನು ಸೇರಿಸಿ ನೋಡಿದೆವು. ಕೋಶದ ವೋಲ್ಟೇಜು 3.7, ಪ್ರವಾಹ 1.2 ಆಂಪಿಯರ್, ಅಂದರೆ ದೀಪಕ್ಕೆ ಒದಗುತ್ತಿದ್ದ ಶಕ್ತಿ ಸುಮಾರು 4.4 ವಾಟ್.

ಇಷ್ಟು ತಿಳಿದಮೇಲೆ ಉಳಿದುದು ಬರಿಯ ಗುಣಾಕಾರ. ಒಂದು ವಾಟ್ ವಿದ್ಯುತ್ತು ಚೂರೂ ಪೋಲಾಗದೆ ಪೂರ್ತಿಯಾಗಿ ಬಿಳಿಯ ಬೆಳಕಾಯಿತೆಂದೇ ಇಟ್ಟುಕೊಂಡರೂ ಅದರಿಂದ ದೊರೆಯತಕ್ಕದ್ದು ಸುಮಾರು 300, ಹೆಚ್ಚೆಂದರೆ 350 ಲೂಮೆನ್. ಇದು ಕಾರ್ಖಾನೆಯವರ ಜಾಣತನಕ್ಕೆ ಸಂಬಂಧಿಸಿದ ಮಿತಿಯಲ್ಲ. ಮನುಷ್ಯನ ಕಣ್ಣಿನ ಸಂವೇದನೆಯೇ ವಿಧಿಸಿರುವ ಮಿತಿ. ಆದುದರಿಂದ ಆ ಟಾರ್ಚು ಆದರ್ಶ ಸ್ಥಿತಿಯಲ್ಲಿ ಕೂಡ ಒಂದೂವರೆ ಸಾವಿರ ಲೂಮೆನ್ನುಗಳನ್ನು ದಾಟಲಾರದು. ವಾಸ್ತವದಲ್ಲಿ ಇಂದಿನ ಟಾರ್ಚುಗಳು ವಾಟಿಗೆ ನೂರರ ಆಸುಪಾಸಿನಲ್ಲಿ ಕೊಡುತ್ತವೆಯಾಗಿ ಅದು ನಾನೂರು ಐನೂರರದು. ಹತ್ತು ಸಾವಿರ ಬೇಕಾದರೆ ಆದರ್ಶ ದೀಪಕ್ಕೂ 29 ವಾಟ್ ಬೇಕಾಗುತ್ತಿತ್ತು. ಶಕ್ತಿಯ ನಿತ್ಯತಾ ನಿಯಮ ಜಾತ್ರೆಯಲ್ಲಿಯೂ ನಡೆಯುತ್ತದೆ.

ಅಟೆಂಡರಿಗೆ ಬೇಸರವಾಯಿತು. ನಮಗೂ ಆಯಿತು. ಮೋಸಹೋದ ದುಡ್ಡು ಅಷ್ಟು ದೊಡ್ಡದಲ್ಲ. ಆದರೆ ಅವರು ಅದನ್ನು ಕೊಂಡದ್ದು ಷೋಕಿಗಲ್ಲ. ಬಸ್ಸಿನಿಂದಿಳಿದು ಗದ್ದೆಯ ಬದುವಿನ ಮೇಲೆ ಮುಕ್ಕಾಲು ಮೈಲಿ ಕತ್ತಲೆಯಲ್ಲಿ ಮನೆಗೆ ನಡೆಯಬೇಕಾದವರು ಅವರು. ನಮ್ಮ ದೇಶದಲ್ಲಿ 2000ದಿಂದ 2019ರ ವರೆಗಿನ ಇಪ್ಪತ್ತು ವರ್ಷಗಳಲ್ಲಿ ಹಾವು ಕಚ್ಚಿ ಸತ್ತವರು ಸುಮಾರು ಹನ್ನೆರಡು ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58,000, ಎಂದು ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿದೆ. ಅವರಲ್ಲಿ ಅರ್ಧದಷ್ಟು ಸಾವುಗಳು ಜೂನ್‌ನಿಂದ ಸೆಪ್ಟೆಂಬರಿನವರೆಗಿನ ಮಳೆಯ ತಿಂಗಳುಗಳಲ್ಲಿ. ಹಾವಿನ ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡತಕ್ಕದ್ದೆಂದು ಕರ್ನಾಟಕ ಸರ್ಕಾರ 2024ರಲ್ಲಿ ಗೊತ್ತುಮಾಡಿತು. ಹೀಗಿರುವಾಗ ಹಳ್ಳಿಯ ದಾರಿಯಲ್ಲಿ ನಡೆಯುವವನ ಕೈದೀಪವನ್ನು ಆಟದ ಸಾಮಾನೆಂದು ಎಣಿಸಲಾಗದು. ಅದನ್ನು ಆರಿಸುವ ಬಗೆಯನ್ನು ಕುರಿತು ನಮ್ಮ ಅಭಿಪ್ರಾಯವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುವುದು ಅನುಚಿತವಾಗದೆಂದು ತಿಳಿದಿದ್ದೇವೆ.

ಮೊದಲೇ ಹೇಳಿಬಿಡುತ್ತೇವೆ. ಟಾರ್ಚನ್ನು ಅದರ ಗರಿಷ್ಠ ಬೆಳಕನ್ನು ನೋಡಿ ಕೊಳ್ಳುವುದು ತಪ್ಪು. ಅದರ ಕನಿಷ್ಠ ಬೆಳಕನ್ನೂ, ಆ ಬೆಳಕು ಎಷ್ಟು ಹೊತ್ತು ಏರುಪೇರಿಲ್ಲದೆ ನಿಲ್ಲುವುದೆಂಬುದನ್ನೂ ನೋಡಿ ಕೊಳ್ಳಬೇಕು. ಅಂಗಡಿಗಳಲ್ಲಿ ಇದಕ್ಕೆ ವಿರುದ್ಧವಾದ ಪದ್ಧತಿಯೇ ನಡೆದುಬಂದಿದೆ.

ಮಲೆನಾಡಿನ ನಮ್ಮ ಅಜ್ಜನ ಮನೆಯಲ್ಲಿ ನಿಕ್ಕಲ್ ಬಳಿದ ಎರಡು ಸೆಲ್ಲಿನ ಟಾರ್ಚೊಂದಿತ್ತು. ಅದನ್ನು ಮನೆಯಲ್ಲಿ ಯಾರೂ ಟಾರ್ಚು ಎನ್ನುತ್ತಿರಲಿಲ್ಲ, ಅದು ‘ಬ್ಯಾಟರಿ’. ಬಾಗಿಲಿನ ಹಿಂದಿನ ಮೊಳೆಗೆ ನೇತುಹಾಕಿರುತ್ತಿತ್ತು. ಹಿಂದಿನ ಮುಚ್ಚಳದೊಳಗೆ ಸ್ಪ್ರಿಂಗಿನ ಸಂದಿಯಲ್ಲಿ ಒಂದು ಹೆಚ್ಚುವರಿ ಬಲ್ಬು. ಸೆಲ್ಲು ಸೋತಾಗ ಅಜ್ಜ ಅವನ್ನು ಹೊರತೆಗೆದು ಅಂಗಳದ ಬಿಸಿಲಿನಲ್ಲಿ ಸಾಲಾಗಿ ಒಣಗಿಸುತ್ತಿದ್ದರು. ಸಂಜೆಗೆ ಅವು ಕೊಂಚ ಚೇತರಿಸಿಕೊಂಡಿರುತ್ತಿದ್ದವು. ಇದನ್ನು ಮೂಢನಂಬಿಕೆಯೆಂದು ನಕ್ಕವರುಂಟು. ನಗಬೇಕಾದ ಕಾರಣವಿಲ್ಲ. ಕೆಲಸ ಮಾಡಿ ದಣಿದ ಶುಷ್ಕಕೋಶದಲ್ಲಿ ವಿದ್ಯುದಗ್ರಗಳ ಸುತ್ತ ಕೂಡಿಕೊಂಡ ಪದಾರ್ಥಗಳು ವಿಶ್ರಾಂತಿಯ ಕಾಲದಲ್ಲಿ ಚದುರಿಹೋಗುತ್ತವೆ; ಶಾಖವು ಆ ಚದುರುವಿಕೆಯನ್ನು ತ್ವರೆಗೊಳಿಸುತ್ತದೆ. ಹೊಸ ಶಕ್ತಿಯೇನೂ ಬಿಸಿಲಿನಿಂದ ಬರುವುದಿಲ್ಲ, ಉಳಿದುದು ಹೊರಬರುತ್ತದೆ, ಅಷ್ಟೆ. ಆ ಟಾರ್ಚಿನ ಬಲ್ಬು 2.5 ವೋಲ್ಟಿನದು, 0.3 ಆಂಪಿಯರಿನದು, ಮುಕ್ಕಾಲು ವಾಟ್. ಅಷ್ಟು ಸಣ್ಣ ತಂತು ವಾಟಿಗೆ ಹತ್ತು ಲೂಮೆನ್ ಕೊಟ್ಟರೆ ಹೆಚ್ಚು. ಅಂದರೆ ಅಜ್ಜ ತೋಟಕ್ಕೆ ಹೋಗಿ ನೀರು ಕಟ್ಟಿಬರುತ್ತಿದ್ದುದು, ಹಂದಿಯನ್ನು ಓಡಿಸುತ್ತಿದ್ದುದು, ಮಳೆಯ ರಾತ್ರಿಗಳಲ್ಲಿ ಸಂಕವನ್ನು ದಾಟುತ್ತಿದ್ದುದು ಎಲ್ಲವೂ ಸುಮಾರು ಏಳೆಂಟು ಲೂಮೆನ್ನುಗಳಲ್ಲಿ!

ಇದು ಹೇಗೆ ಸಾಧ್ಯವಾಯಿತು? ಉತ್ತರ ಟಾರ್ಚಿನಲ್ಲಿಲ್ಲ, ಕಣ್ಣಿನಲ್ಲಿದೆ. ಕಣ್ಣು ಬೆಳಕನ್ನು ತಕ್ಕಡಿಯಂತೆ ತೂಗುವುದಿಲ್ಲ. ಬೆಳಕು ಎರಡು ಪಟ್ಟು ಹೆಚ್ಚಾದಂತೆ ತೋರಬೇಕಾದರೆ ಅದು ವಸ್ತುತಃ ನಾಲ್ಕರಿಂದ ಎಂಟು ಪಟ್ಟು ಹೆಚ್ಚಬೇಕಾಗುತ್ತದೆ. ಐನೂರು ಲೂಮೆನ್ನಿನ ಟಾರ್ಚಿಗೂ ಸಾವಿರದ ಟಾರ್ಚಿಗೂ ಬೆಲೆಯಲ್ಲಿ ಕಾಣುವ ಅಂತರ ಗೋಡೆಯ ಮೇಲೆ ಕಾಣುವುದಿಲ್ಲ. ಅದಲ್ಲದೆ ಕತ್ತಲೆಗೆ ಹೊಂದಿಕೊಳ್ಳುವ ಶಕ್ತಿಯೊಂದು ಕಣ್ಣಿಗುಂಟು. ಅಕ್ಷಿಪಟಲದ ದಂಡಕೋಶಗಳು ಕತ್ತಲೆಯಲ್ಲಿ ಪೂರ್ತಿಯಾಗಿ ಎಚ್ಚರಗೊಳ್ಳಲು ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ಆ ಅರ್ಧ ಗಂಟೆಯ ಗಳಿಕೆಯನ್ನು ಪ್ರಖರವಾದ ಟಾರ್ಚು ಒಂದೇ ಕ್ಷಣದಲ್ಲಿ ಕಳೆದುಬಿಡುತ್ತದೆ. ಆಮೇಲೆ ಬೆಳಕಿನ ಬಿಲ್ಲೆಯೊಳಗೆ ಬಿದ್ದುದು ಮಾತ್ರ ಕಾಣುತ್ತದೆ; ಅದರ ಅಂಚಿನ ಹೊರಗೆ ಗೇಣುದೂರದಲ್ಲಿರುವುದೂ ಕಾಣುವುದಿಲ್ಲ. ಹೊಸ ಟಾರ್ಚು ಹಿಡಿದವರೇ ಹೆಚ್ಚಾಗಿ ಮೆಟ್ಟಿಲನ್ನು ಎಡವುವುದನ್ನು ನಾವು ನೋಡಿದ್ದೇವೆ.

ಮಲಗಿದ ಮಗುವನ್ನು ಎಚ್ಚರಿಸದೆ ನೀರಿನ ತಂಬಿಗೆಯನ್ನು ಹುಡುಕಲು ಒಂದೆರಡು ಲೂಮೆನ್ ಸಾಕು. ಅಂಗಳ ದಾಟಲು ಹತ್ತು. ದಾರಿ ನಡೆಯಲು ಐವತ್ತರಿಂದ ನೂರು. ನೂರು ಗಜ ದೂರದ ಮರದಡಿಯಲ್ಲಿ ಏನು ನಿಂತಿದೆ ಎಂದು ನೋಡಬೇಕಾದಾಗ ಮಾತ್ರ ಅದಕ್ಕೂ ಹೆಚ್ಚು, ಅದೂ ಕೆಲವು ಕ್ಷಣಗಳ ಮಟ್ಟಿಗೆ. ಈ ನಾಲ್ಕನ್ನೂ ಕೊಡಬಲ್ಲ ಟಾರ್ಚು ಒಳ್ಳೆಯದು. ಕೊನೆಯದೊಂದನ್ನೇ ಕೊಡುವ ಟಾರ್ಚನ್ನು ಪುಕ್ಕಟೆ ಕೊಟ್ಟರೂ ನಾವು ಒಲ್ಲೆವು.

ಗರಿಷ್ಠ ಬೆಳಕಿನ ಹಂಬಲಕ್ಕೆ ಭೌತವಿಜ್ಞಾನ ಹಾಕುವ ಇನ್ನೊಂದು ಅಡ್ಡಿ ಶಾಖ. ಸಾವಿರ ಲೂಮೆನ್ನಿಗೆ ಸುಮಾರು ಹತ್ತು ವಾಟ್ ವಿದ್ಯುತ್ತು ಬೇಕೆನ್ನೋಣ. ಅದರಲ್ಲಿ ಮೂರು ವಾಟ್ ಬೆಳಕಾಗಿ ಹೊರಟುಹೋಗುತ್ತದೆ. ಏಳು ವಾಟ್ ಶಾಖವಾಗಿ ಟಾರ್ಚಿನ ಮೈಯಲ್ಲೇ ಉಳಿಯುತ್ತದೆ. 80 ಗ್ರಾಮ್ ಅಲ್ಯುಮಿನಿಯಮ್ಮನ್ನೂ ಸುಮಾರು 45 ಗ್ರಾಮಿನ ಕೋಶವನ್ನೂ ಒಂದು ಡಿಗ್ರಿ ಬಿಸಿಮಾಡಲು 120 ಜೂಲಿನಷ್ಟು ಸಾಕು. ಅಂದರೆ ಹದಿನೇಳು ಸೆಕೆಂಡಿಗೊಂದು ಡಿಗ್ರಿ. ಗಾಳಿಗೆ ಹೋಗುವ ಅಲ್ಪ ಶಾಖವನ್ನು ಬಿಟ್ಟು ಲೆಕ್ಕಹಾಕಿದರೆ ಆರು ನಿಮಿಷದಲ್ಲಿ 28 ಡಿಗ್ರಿಯ ಟಾರ್ಚು 50 ಡಿಗ್ರಿಯನ್ನು ಮುಟ್ಟುತ್ತದೆ. ಕೈಯಲ್ಲಿ ಹಿಡಿಯುವುದು ಕಷ್ಟ. ಆದುದರಿಂದ ಒಳ್ಳೆಯ ಟಾರ್ಚುಗಳಲ್ಲಿರುವ ನಿಯಂತ್ರಕ ಮಂಡಲ ಕೆಲವು ನಿಮಿಷಗಳಲ್ಲಿ ತಾನೇ ಬೆಳಕನ್ನು ತಗ್ಗಿಸುತ್ತದೆ. ಇದು ದೋಷವಲ್ಲ, ವಿವೇಕ. ಮುಷ್ಟಿಯಲ್ಲಿ ಅಡಗುವ ಗಾತ್ರದ ಯಾವ ಟಾರ್ಚೇ ಆಗಲಿ ಎಡೆಬಿಡದೆ ಕೊಡಬಲ್ಲದ್ದು ಕೆಲವು ನೂರು ಲೂಮೆನ್ ಮಾತ್ರ.

ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಓದುವುದಕ್ಕೂ ಒಂದು ಕ್ರಮವಿದೆ. ಅಮೆರಿಕದಲ್ಲಿ 2009ರಲ್ಲಿ ‘ಎಫ್.ಎಲ್. 1’ ಎಂಬ ಮಾನಕ ಜಾರಿಗೆ ಬಂದಿತು. ಈಗ ಒಳ್ಳೆಯ ತಯಾರಕರು ಬಹುಮಟ್ಟಿಗೆ ಅದನ್ನೇ ಅನುಸರಿಸುತ್ತಾರೆ. ಅದರ ಪ್ರಕಾರ ಬೆಳಕನ್ನು ಅಳೆಯುವುದು ಹೊತ್ತಿಸಿದ ಅರ್ಧ ನಿಮಿಷದ ಅನಂತರ. ‘ಬಾಳಿಕೆ’ ಎಂದರೆ ಬೆಳಕು ಆ ಮೊದಲಿನ ಅಳತೆಯ ಹತ್ತನೆಯ ಒಂದು ಪಾಲಿಗೆ ಇಳಿಯುವವರೆಗಿನ ಕಾಲ. ಈ ಎರಡು ವ್ಯಾಖ್ಯೆಗಳ ನಡುವೆ ಎಷ್ಟು ದೊಡ್ಡ ಬಾಗಿಲು ತೆರೆದಿದೆ ಎಂಬುದನ್ನು ವಾಚಕರು ಗಮನಿಸಬೇಕು. ಎರಡು ನಿಮಿಷ ಸಾವಿರ ಲೂಮೆನ್ ಕೊಟ್ಟು ಮುಂದೆ ಮೂರು ಗಂಟೆ ಇನ್ನೂರರಲ್ಲಿ ಉರಿಯುವ ಟಾರ್ಚಿನ ಮೇಲೆ ‘1000 ಲೂಮೆನ್, 3 ಗಂಟೆ’ ಎಂದು ಬರೆಯಬಹುದು. ಯಾವ ನಿಯಮವೂ ಮುರಿಯುವುದಿಲ್ಲ. ಹಾಗೆಯೇ ‘ದೂರ’ ಎಂಬುದು ಬೆಳಕು ಕಾಲು ಲಕ್ಸಿಗೆ, ಎಂದರೆ ಹುಣ್ಣಿಮೆಯ ಬೆಳದಿಂಗಳಿನ ಮಟ್ಟಕ್ಕೆ, ಇಳಿಯುವ ದೂರ. ಕ್ಯಾಂಡೆಲದಲ್ಲಿ ಕೊಟ್ಟ ತೀವ್ರತೆಯ ವರ್ಗಮೂಲವನ್ನು ಎರಡರಿಂದ ಗುಣಿಸಿದರೆ ಆ ದೂರ ಮೀಟರುಗಳಲ್ಲಿ ಸಿಗುತ್ತದೆ: 10,000 ಕ್ಯಾಂಡೆಲಕ್ಕೆ 200 ಮೀಟರ್. ದೂರ ಇಮ್ಮಡಿಯಾಗಬೇಕಾದರೆ ತೀವ್ರತೆ ನಾಲ್ಮಡಿಯಾಗಬೇಕು. ಬೆಳದಿಂಗಳಿನಲ್ಲಿ ಹಸುವನ್ನು ಗುರುತಿಸಬಹುದು, ಹಗ್ಗವನ್ನೂ ಹಾವನ್ನೂ ಬೇರ್ಪಡಿಸಲಾಗದು. ಆದುದರಿಂದ ಬರೆದ ದೂರದ ಮೂರರಲ್ಲೊಂದು ಪಾಲನ್ನು ನಂಬಿಕೊಂಡರೆ ಸಾಕು.

ಹಗ್ಗ, ಹಾವು ಎಂದೊಡನೆ ವೇದಾಂತಿಗಳ ನೆನಪಾಗುವುದು ಸಹಜ. ಆದರೆ ನಾವು ಹೇಳಹೊರಟಿರುವುದು ಬಣ್ಣದ ಮಾತು. ಬಿಳಿಯ ಎಲ್.ಇ.ಡಿ. ಬಿಳಿಯಲ್ಲ. ಅದರೊಳಗಿರುವುದು ನೀಲಿ ಬೆಳಕಿನ ಹರಳು. ಅದರ ಮೇಲೆ ಬಳಿದ ಹಳದಿ ಸ್ಫುರಣದ್ರವ್ಯ ನೀಲಿಯ ಒಂದು ಪಾಲನ್ನು ಹೀರಿ ಹಳದಿಯನ್ನು ಚೆಲ್ಲುತ್ತದೆ. ಎರಡೂ ಬೆರೆತು ಕಣ್ಣಿಗೆ ಬಿಳಿಯೆನಿಸುತ್ತದೆ. ಆ ನೀಲಿ ದೀಪಕ್ಕಾಗಿಯೇ ಅಕಾಸಾಕಿ, ಅಮಾನೊ, ನಾಕಾಮುರಾ ಎಂಬ ಮೂವರು ಜಪಾನೀ ಮೂಲದ ವಿಜ್ಞಾನಿಗಳಿಗೆ 2014ರ ನೊಬೆಲ್ ಬಹುಮಾನ ಬಂದದ್ದು. ಈ ಮಿಶ್ರಣದಲ್ಲಿ ಕೆಂಪು ಕಡಿಮೆ. ಸೂರ್ಯನ ಬೆಳಕಿಗೂ ತಂತುದೀಪಕ್ಕೂ ವರ್ಣದರ್ಶನದ ಸೂಚ್ಯಂಕ 100 ಎಂದಿಟ್ಟರೆ ಸಾಮಾನ್ಯ ಟಾರ್ಚಿನ ಎಲ್.ಇ.ಡಿ.ಯದು 70ರ ಸುಮಾರು. ಅದರ ತಣ್ಣನೆಯ ನೀಲಿಬಿಳುಪಿನಲ್ಲಿ ರಕ್ತವೂ ಕೆಸರೂ ಒಂದೇ ಬಗೆಯಾಗಿ ತೋರುತ್ತವೆ. ಒಣಗಿದ ಅಡಿಕೆಸೋಗೆಯ ಮೇಲೆ ಅಲುಗಾಡದೆ ಮಲಗಿರುವ ಕೊಳಕುಮಂಡಲದ ಕಂದು ಮಚ್ಚೆಗಳು ಸೋಗೆಯ ಬಣ್ಣದಲ್ಲೇ ಕರಗಿಹೋಗುತ್ತವೆ. ಸೂಚ್ಯಂಕ 90ನ್ನು ಮೀರಿದ, ಸ್ವಲ್ಪ ಹಳದಿ ಕಡೆಗೆ ವಾಲಿದ ಎಲ್.ಇ.ಡಿ.ಗಳು ಈಗ ದೊರೆಯುತ್ತವೆ. ಅವುಗಳಲ್ಲಿ ಲೂಮೆನ್ ಕೊಂಚ ಕಡಿಮೆಯಾಗುವುದರಿಂದ ವರ್ತಕರು ಅವನ್ನು ಮುಂದಕ್ಕಿಡುವುದಿಲ್ಲ. ಕೇಳಿ ಪಡೆಯಬೇಕು. ಹತ್ತಿಪ್ಪತ್ತು ಪಾಲು ಬೆಳಕನ್ನು ಬಿಟ್ಟುಕೊಟ್ಟು ಬಣ್ಣವನ್ನು ಕೊಳ್ಳುವುದು ಲಾಭದ ವ್ಯಾಪಾರವೆಂದೇ ನಮ್ಮ ಮತ.

ತಲೆಯನ್ನು ಮುಂದಕ್ಕೂ ಹಿಂದಕ್ಕೂ ಎಳೆದು ಬೆಳಕನ್ನು ಕೇಂದ್ರೀಕರಿಸುವ ಮಸೂರದ ಟಾರ್ಚುಗಳು ಈಗ ಎಲ್ಲೆಡೆಯೂ ಕಾಣುತ್ತವೆ. ಹುಡುಗರಿಗೆ ಬಲು ಪ್ರಿಯ. ಮಸೂರವನ್ನು ಮುಂದಕ್ಕೆಳೆದಾಗ ಬಹುಪಾಲು ಬೆಳಕು ಕೊಳವೆಯ ಒಳಗೋಡೆಗೆ ಬಡಿದು ಪೋಲಾಗುತ್ತದೆ, ಉಳಿದುದು ಎಲ್.ಇ.ಡಿ.ಯ ಚೌಕಾಕೃತಿಯ ಬಿಂಬವಾಗಿ ಎದುರಿನ ಗೋಡೆಯ ಮೇಲೆ ಬೀಳುತ್ತದೆ. ಕೊಳವೆ ಸರಿದಾಡುವ ಸಂದಿನಲ್ಲಿ ಮಳೆಯ ನೀರೂ ಇಳಿಯುತ್ತದೆ. ನಡುವೆ ಗಟ್ಟಿಯಾದ ಬೆಳಕನ್ನೂ ಸುತ್ತ ತೆಳುವಾದ ಬೆಳಕನ್ನೂ ಒಟ್ಟಿಗೇ ಕೊಡುವ ಹಳೆಯ ನಿಮ್ನದರ್ಪಣವೇ ಕಾಲುದಾರಿಗೆ ಹೆಚ್ಚು ಸೂಕ್ತ.

ಇನ್ನು ಕೋಶದ ವಿಚಾರ. ನಿಜವಾದ ಜಿಜ್ಞಾಸೆ ಇಲ್ಲಿದೆ. 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಮ್ ಅಯಾನ್ ಕೋಶ ಟಾರ್ಚಿನ ಸ್ವರೂಪವನ್ನೇ ಬದಲಾಯಿಸಿತು. ‘18650’ ಎಂದು ಬರೆದಿರುವುದರ ಅರ್ಥ 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ. ಅಂಥದೊಂದರಲ್ಲಿ ಸುಮಾರು 11 ವಾಟ್-ಗಂಟೆ ಶಕ್ತಿ ತುಂಬಿರುತ್ತದೆ. ಬೆರಳುಗಾತ್ರದ ‘ಡಬಲ್ ಎ’ ನಿಕ್ಕಲ್ ಲೋಹ ಹೈಡ್ರೈಡ್ ಕೋಶದಲ್ಲಿರುವುದು ಎರಡೂವರೆಯಷ್ಟೆ. ಲೆಕ್ಕ ಮಾತ್ರ ನೋಡುವವನು ಮೊದಲನೆಯದನ್ನೇ ಹಿಡಿಯುತ್ತಾನೆ. ನಾವು ಹಾಗೆ ಮಾಡೆವು. ಮೊದಲ ಸಲ ಒಳ್ಳೆಯ ಟಾರ್ಚನ್ನು ಕೊಳ್ಳುವವರಿಗೆ, ಅದರಲ್ಲೂ ಜೇಬಿನಲ್ಲಿ ಸದಾ ಇಟ್ಟುಕೊಳ್ಳಬೇಕೆನ್ನುವವರಿಗೆ, ಒಂದೇ ‘ಡಬಲ್ ಎ’ ಕೋಶದ ಟಾರ್ಚನ್ನು ನಾವು ಸೂಚಿಸುತ್ತೇವೆ.

ಇದಕ್ಕೆ ನಕ್ಕ ಸಹೋದ್ಯೋಗಿಗಳಿದ್ದಾರೆ. ಅವರಿಗೆ ನಮ್ಮ ಉತ್ತರವಿಷ್ಟು. ಎರಡೂವರೆ ವಾಟ್-ಗಂಟೆಯಲ್ಲಿ ಐವತ್ತು ಲೂಮೆನ್ ಬೆಳಕು ನಾಲ್ಕು ಗಂಟೆಯಷ್ಟು ಹೊತ್ತು ಸಿಗುತ್ತದೆ. ಐದು ಲೂಮೆನ್ ಒಂದು ಇಡೀ ದಿನವನ್ನು ಮೀರುತ್ತದೆ. ಕೋಶ ಮುಗಿದರೆ ಯಾವ ಊರಿನ ಯಾವ ಕಿರಾಣಿ ಅಂಗಡಿಯಲ್ಲಿಯೂ ಇನ್ನೊಂದು ಸಿಗುತ್ತದೆ. ಮಗು ಅದನ್ನು ತಲೆಕೆಳಗಾಗಿ ಹಾಕಿದರೆ ದೀಪ ಹತ್ತುವುದಿಲ್ಲ, ಅಷ್ಟೆ. ಲಿಥಿಯಮ್ ಕೋಶವಾದರೋ ಹುಡುಗಾಟವನ್ನು ಸಹಿಸದು. ಬೀಗದಕೈ ಗೊಂಚಲಿನ ಜೊತೆ ಜೇಬಿನಲ್ಲಿ ಬಿಡಿ ಕೋಶವನ್ನಿಟ್ಟು ಧ್ರುವಗಳೆರಡೂ ಲೋಹಕ್ಕೆ ತಗುಲಿದರೆ ಬೆಂಕಿಯೇ ಏಳಬಹುದು. ಮೇಲಿನ ಪ್ಲಾಸ್ಟಿಕ್ ಹೊದಿಕೆ ಹರಿದುದನ್ನೂ, ಹಳೆಯ ಲ್ಯಾಪ್‌ಟಾಪಿನಿಂದ ಕಿತ್ತುದನ್ನೂ ಟಾರ್ಚಿಗೆ ಹಾಕಕೂಡದು. ನಮ್ಮ ಅಟೆಂಡರ ಟಾರ್ಚಿನಲ್ಲಿದ್ದ ಕೋಶದ ಮೇಲೆ ‘9900 ಮಿಲಿಆಂಪಿಯರ್-ಗಂಟೆ’ ಎಂದಿತ್ತು. ನಂಬಿಕೆಗೆ ಅರ್ಹವಾದ ಕಂಪನಿಗಳ 18650 ಕೋಶಗಳಲ್ಲಿ ಸಾಮಾನ್ಯವಾಗಿ ಇರುವುದು 2500ರಿಂದ 3600. ಆ ಕೋಶವನ್ನು ತಕ್ಕಡಿಯಲ್ಲಿಟ್ಟೆವು. ಒಳ್ಳೆಯ ಕೋಶ 45 ಗ್ರಾಮಿಗೆ ಹೆಚ್ಚುಕಡಮೆ ತೂಗುತ್ತದೆ. ಇದು 28 ಗ್ರಾಮ್. ತಕ್ಕಡಿಯೊಂದಿದ್ದರೆ ಸುಳ್ಳನ್ನು ತೂಗಿಯೂ ನೋಡಬಹುದು!

ತೋಟ ಕಾಯುವವರ, ರಾತ್ರಿ ಗಸ್ತಿನವರ, ಹೊಲಕ್ಕೆ ನೀರು ಬಿಡಲು ಅಪರಾತ್ರಿಯಲ್ಲಿ ಎದ್ದುಹೋಗುವ ರೈತರ ಮಾತು ಬೇರೆ. ಅವರಿಗೆ ಗಂಟೆಗಟ್ಟಲೆ ಇನ್ನೂರು ಮುನ್ನೂರು ಲೂಮೆನ್ ಬೇಕು. ಅವರು 18650 ಅಥವಾ ಅದರ ದೊಡ್ಡಣ್ಣನಾದ 21700 ಕೋಶದ ಟಾರ್ಚನ್ನು ಕೊಳ್ಳಲಿ. ಟಾರ್ಚಿನ ಮೈಯಲ್ಲೇ ಚಾರ್ಜು ಮಾಡುವ ರಂಧ್ರವೂ, ಅದನ್ನು ಮುಚ್ಚುವ ಗಟ್ಟಿಯಾದ ರಬ್ಬರೂ ಇರಲಿ. ಕೋಶ ಮಾತ್ರ ಹೊರತೆಗೆಯಲು ಬರುವಂತಿರಬೇಕು. ಒಳಗೇ ಬೆಸುಗೆ ಹಾಕಿದ ಕೋಶ ಸತ್ತ ದಿನ ಟಾರ್ಚೂ ಸಾಯುತ್ತದೆ.

“ಮೊಬೈಲಿನಲ್ಲಿಯೇ ದೀಪವಿರುವಾಗ ಇದೆಲ್ಲ ಏಕೆ?” ಎಂದು ಕೇಳುವವರು ಅನೇಕರು. ನಾವೂ ಬಹುಕಾಲ ಹಾಗೆಯೇ ಅಂದುಕೊಂಡಿದ್ದೆವು. ಮೊಬೈಲಿನ ದೀಪಕ್ಕೆ ಪ್ರತಿಫಲಕವಿಲ್ಲ. ಅದು ಕಾಲ ಬುಡವನ್ನು ತೋರಿಸುತ್ತದೆ, ನಾಲ್ಕು ಮಾರು ಮುಂದಿನದನ್ನು ತೋರಿಸುವುದಿಲ್ಲ. ಮಳೆಯಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಸಾವಿರಾರು ರೂಪಾಯಿಯ ಒದ್ದೆ ಗಾಜಿನ ಹಲಗೆ! ಅದು ಕೆಸರಿಗೆ ಬಿದ್ದರೆ ದೀಪವೂ ಹೋಯಿತು, ಆಂಬುಲೆನ್ಸನ್ನು ಕರೆಯುವ ದಾರಿಯೂ ಹೋಯಿತು. ಕೊನೆಯ ಈ ಒಂದು ಕಾರಣಕ್ಕಾಗಿಯೇ ಎರಡನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು.

ಗುಂಡಿಯ ಬಗ್ಗೆ ಎರಡು ಮಾತು. ಮೊದಲ ಸಲ ಒತ್ತಿದಾಗ ಮಂದವಾದ ಬೆಳಕೇ ಬರುವಂಥ, ಇಲ್ಲವೆ ನಾವು ಕಳೆದ ಸಲ ಬಿಟ್ಟ ಮಟ್ಟವನ್ನು ನೆನಪಿಡುವಂಥ ಟಾರ್ಚನ್ನು ಆರಿಸಬೇಕು. ಪ್ರತಿ ಸಲವೂ ಕಣ್ಣು ಕೋರೈಸುವ ಬೆಳಕನ್ನೂ, ಆಮೇಲೆ ಮಿನುಗುವ ದೀಪವನ್ನೂ ದಾಟಿಯೇ ಮಂದಬೆಳಕಿಗೆ ಬರಬೇಕಾದ ಟಾರ್ಚುಗಳನ್ನು ರೂಪಿಸಿದವರು ಅವನ್ನು ಒಂದು ರಾತ್ರಿಯಾದರೂ ಬಳಸಿ ನೋಡಿರಲಾರರು. ಎರಡನೆಯದಾಗಿ, ಜೇಬಿನಲ್ಲಿ ತಾನಾಗಿ ಹೊತ್ತಿಕೊಳ್ಳದಂತೆ ಬೀಗಹಾಕುವ ಅನುಕೂಲವಿರಬೇಕು. ಈ ಎಚ್ಚರ ನಮಗೆ ಪುಸ್ತಕದಿಂದ ಬಂದುದಲ್ಲ. ಎರಡು ವರ್ಷಗಳ ಕೆಳಗೆ ಬಸ್ಸಿನಲ್ಲಿ ಕುಳಿತಿದ್ದಾಗ ಬಟ್ಟೆ ಸುಟ್ಟ ವಾಸನೆ ಬಂದಿತು. ಪಕ್ಕದವರೆಲ್ಲ ಇಂಜಿನ್ನಿನ ಕಡೆ ನೋಡಿದರು, ನಾವೂ ನೋಡಿದೆವು. ವಾಸನೆ ನಮ್ಮ ಕೈಚೀಲದಿಂದಲೇ ಬರುತ್ತಿತ್ತು. ಸಾವಿರ ಲೂಮೆನ್ನಿನ ಟಾರ್ಚು ಕೊಡೆಯ ಕಪ್ಪು ಬಟ್ಟೆಗೆ ಮುಖವಿಟ್ಟು ಹೊತ್ತಿಕೊಂಡು ಅದರಲ್ಲಿ ನಾಲ್ಕಾಣೆಯಗಲದ ತೂತನ್ನು ಕೊರೆದಿತ್ತು. ಕಪ್ಪು ವಸ್ತು ಬೆಳಕನ್ನು ಪೂರ್ತಿಯಾಗಿ ಹೀರಿ ಶಾಖವಾಗಿಸುತ್ತದೆ ಎಂದು ಅಂದು ಬೆಳಗ್ಗೆಯಷ್ಟೆ ತರಗತಿಯಲ್ಲಿ ಪಾಠ ಹೇಳಿ ಬಂದಿದ್ದೆವು. ಬಹಳ ಟಾರ್ಚುಗಳಲ್ಲಿ ಹಿಂದಿನ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿದರೆ ಸಾಕು, ಮಂಡಲ ಕಡಿದುಹೋಗುತ್ತದೆ. ತಿರುಪಿನ ಎಳೆಗಳ ಮೇಲಿನ ಅಲ್ಯುಮಿನಿಯಮ್ ಆಕ್ಸೈಡಿನ ಪದರ ವಿದ್ಯುತ್ತನ್ನು ಬಿಡದಿರುವುದೇ ಇದಕ್ಕೆ ಕಾರಣ. ಕೊಳ್ಳುವಾಗ ಅಂಗಡಿಯಲ್ಲೇ ಇದನ್ನು ಪರೀಕ್ಷಿಸಿ ನೋಡಬಹುದು.

ನೀರಿನ ವಿಷಯಕ್ಕೆ ‘ಐ.ಪಿ.ಎಕ್ಸ್. 7’ ಎಂಬ ಗುರುತಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ಕೆಡದೆಂದರ್ಥ. 4 ಎಂದಿದ್ದರೆ ಎರಚಲು ಮಾತ್ರ. ಮಲೆನಾಡಿಗೂ ಕರಾವಳಿಗೂ 7ಕ್ಕಿಂತ ಕಡಿಮೆಯದು ಬೇಡ. ಮುಚ್ಚಳದ ರಬ್ಬರು ಬಳೆಗೆ ವರ್ಷಕ್ಕೊಮ್ಮೆ ಒಂದಿಷ್ಟು ಸಿಲಿಕೋನ್ ಗ್ರೀಸು ಸವರಬೇಕು. ಕೊಬ್ಬರಿ ಎಣ್ಣೆ, ಪೆಟ್ರೋಲಿಯಮ್ ಜೆಲ್ಲಿ ಇವು ರಬ್ಬರನ್ನು ಉಬ್ಬಿಸಿ ಕೆಡಿಸಬಹುದು. ತಿಂಗಳುಗಟ್ಟಲೆ ಬಳಸದಿದ್ದರೆ ಕ್ಷಾರಕೋಶವನ್ನು ಹೊರತೆಗೆದಿಡುವುದು ಅಗತ್ಯ. ಅದು ಸೋರಿದರೆ ಟಾರ್ಚಿನ ಒಳಗು ಉಳಿಯುವುದಿಲ್ಲ.

ಅಟೆಂಡರು ಆಮೇಲೆ ಒಂದು ಜೊತೆ ಒಳ್ಳೆಯ ಚಪ್ಪಲಿಯ ಬೆಲೆಗೆ ‘ಡಬಲ್ ಎ’ ಟಾರ್ಚೊಂದನ್ನು ಕೊಂಡರು. ದಾರಿಯಲ್ಲಿ ಮಧ್ಯಮ ಬೆಳಕನ್ನು ಕಾಲಿಗಿಂತ ಎರಡು ಮಾರು ಮುಂದೆ ಬಿಡುತ್ತಾರಂತೆ; ಬದುವಿನ ತಿರುವಿನಲ್ಲಿ ಮಾತ್ರ ಒಂದು ಸಲ ದೊಡ್ಡ ಬೆಳಕು. ಅವರ ಮಗಳು ಕರೆಂಟು ಹೋದಾಗ ಅದನ್ನು ಲೋಟದೊಳಗೆ ನಿಲ್ಲಿಸಿ ಬೆಳಕನ್ನು ಚಾವಣಿಗೆ ಬಿಟ್ಟು ಓದಿಕೊಳ್ಳುತ್ತಾಳೆ. ಜಾತ್ರೆಯ ಟಾರ್ಚು ಈಗಲೂ ನಮ್ಮ ಪ್ರಯೋಗಶಾಲೆಯಲ್ಲಿದೆ. ಮೊದಲ ವರ್ಷದ ವಿದ್ಯಾರ್ಥಿಗಳು ಅದರ ಪ್ರವಾಹವನ್ನು ಅಳೆದು ಪೆಟ್ಟಿಗೆಯ ಮೇಲಿನ ಅಂಕಿಯ ಪಕ್ಕದಲ್ಲಿ ತಮ್ಮ ಉತ್ತರವನ್ನು ಬರೆಯುತ್ತಾರೆ.